ಖಾಲಿ ಕುರ್ಚಿಯ ಎದುರು ಓದಿದ ಕಾಗದ

ಗದಗ
ಫೆಬ್ರವರಿ ಮೂವತ್ತು, ೨೩೧೪

ಶಮೀಮಾ ನದಾಫ ಅವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ನನಗಿಂತ ಎಷ್ಟೋ ತಲೆಮಾರು ಹಿರಿಯರು, ಆದರೆ ಈ ಕಾಗದ ಹಿಂದಿನ ಕಾಲಕ್ಕೆ ಹೋಗಿ ನಿಮ್ಮನ್ನು ತಲುಪುವಾಗ ನಿಮ್ಮ ವಯಸ್ಸು ನನ್ನ ಮಗಳಷ್ಟು. ಹಾಗಾಗಿ ಗೌರವದ ನಡುವೆ ಸ್ವಲ್ಪ ಗದರಿಕೆಯೂ ಸೇರಿಕೊಂಡೀತು.

ನಾನು ಚೆನ್ನವ್ವ ಮುಳಗುಂದ. ಹುಟ್ಟಿನಿಂದ ಕಣ್ಣು ಕಾಣದವಳು. ನಮ್ಮಂಥವರಿಗೆ ಕನ್ನಡ ಓದಿ ಹೇಳಲೆಂದು ನೀವು ಬಿಡುವಿನಲ್ಲಿ ಬರೆದು, ಎಲ್ಲರಿಗೂ ಪುಕ್ಕಟೆ ಕೊಟ್ಟ ‘ದನಿಗಾರ’ ತಂತ್ರಾಂಶ ಇಂದಿಗೂ ಬದುಕಿದೆ. ಬೆಳಿಗ್ಗೆ ಔಷಧದ ಸೀಸೆಗೆ ಬೆರಳು ತಾಗಿಸಿದರೆ ಅದು ತನ್ನ ಹೆಸರು ಹೇಳುತ್ತದೆ. ಕಪ್ಪತಗುಡ್ಡದ ಗಾಳಿಯಿಂದ ಓಡುವ ಬಸ್ಸಿಗೆ ನಾವು ಗಾಳಿಬಂಡಿ ಎನ್ನುತ್ತೇವೆ. ಅದರ ನಿಲ್ದಾಣದ ಕಂಬವೂ ಮಾತಾಡುತ್ತದೆ. ಬಿಸಿಲಿಗೆ ಹೆದರಿ ಮಧ್ಯಾಹ್ನವೆಲ್ಲ ನೆಲಮನೆಯಲ್ಲಿ, ಅಂದರೆ ಮಣ್ಣಿನೊಳಗೆ ತೋಡಿದ ತಂಪು ಕೋಣೆಯಲ್ಲಿ, ರೊಟ್ಟಿ ತಿಂದು ಕಾಲು ಚಾಚಿ ದನಿಗಾರ ಓದುವ ಕತೆ ಕೇಳುತ್ತೇವೆ. ದನಿಗಾರವನ್ನು ನೋಡಿಕೊಳ್ಳುವ ಸ್ವಯಂಸೇವಕರಿಗೆ ಕಾಪುಗಾರರೆಂದು ಹೆಸರು. ನಾನೂ ಒಬ್ಬಳು.

ನಿಮಗೆ ಬಂದ ಸಂದೇಶಗಳೆಲ್ಲ ನಮ್ಮಲ್ಲಿ ಉಳಿದಿವೆ. ಇವತ್ತೇ ಸರಿಮಾಡಿ, ಇಲ್ಲದಿದ್ದರೆ ಎಲ್ಲ ಕಡೆ ನಿಮ್ಮ ಮರ್ಯಾದೆ ತೆಗೆಯುತ್ತೇನೆ ಎಂದವರಿಗೂ ನೀವು ಕ್ಷಮೆ ಕೇಳಿ ಉತ್ತರಿಸಿದ್ದೀರಿ. ಮಗಳಿಗೆ ಜ್ವರವಿದೆ, ತಡವಾಗುತ್ತದೆ ಎಂದು ಬರೆದರೆ ಒಬ್ಬ ಪುಣ್ಯಾತ್ಮ, ನಿಮ್ಮ ಮನೆ ತಾಪತ್ರಯ ನಮಗ್ಯಾಕೆ ಎಂದಿದ್ದಾನೆ. ಇಷ್ಟು ಕಾಲ ಕಳೆದರೂ ಅವನ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ನೀವು ಅವನಿಗೂ ಕ್ಷಮೆ ಕೇಳಿದಿರಿ. ಅದರ ನಂತರ ನಿಮ್ಮಿಂದ ಒಂದು ಮಾತೂ ಇಲ್ಲ, ವಿದಾಯವೂ ಇಲ್ಲ. ದನಿಗಾರ ಬಹಳ ಕಾಲ ಮೂಕವಾಗಿತ್ತು. ಈ ಕಾಗದ ನಿಮಗೆ ಸಿಗುವುದು ನೀವು ಅವನಿಗೆ ಕ್ಷಮೆ ಕೇಳಿದ ಆ ರಾತ್ರಿಯೇ.

ಎಷ್ಟೋ ವರ್ಷಗಳ ಮೇಲೆ ಅದನ್ನು ಎಬ್ಬಿಸಲು ಕೂತವರು ಮೊದಲು ಆ ಸಂದೇಶಗಳನ್ನು ಗಟ್ಟಿಯಾಗಿ ಓದಿಕೊಂಡರಂತೆ. ಓದುವವನು ಅರ್ಧಕ್ಕೇ ನಿಲ್ಲಿಸಿ ಎದ್ದುಬಿಟ್ಟ. ನಮ್ಮ ‘ಎದುರೋದು’ ಪದ್ಧತಿ ಹುಟ್ಟಿದ್ದು ಹೀಗೆ. ದೂರು ಹೇಳುವವರು ಬರೆದು ಕಳಿಸುವಂತಿಲ್ಲ. ಕಾಪುಗಾರರ ಎದುರು ಕುರ್ಚಿಯಲ್ಲಿ ಕೂತು ತಮ್ಮ ಬಾಯಿಂದಲೇ ಓದಬೇಕು. ಕಾಪುಗಾರರು ಆಗುವುದಿಲ್ಲ ಎನ್ನಬಹುದು, ಕಾರಣ ಕೊಡಬೇಕಿಲ್ಲ. ಮೊದಮೊದಲು ನಮ್ಮವರು ಒಂದು ಪೆದ್ದು ಕೆಲಸ ಮಾಡಿದ್ದರು. ಬಂದವರಿಗೆ ಮುಜುಗರ ಬೇಡವೆಂದು ದೂರುಗಳನ್ನು ದನಿಗಾರದಿಂದಲೇ ಓದಿಸಿದರು. ಅದರ ಇಂಪು ದನಿಯಲ್ಲಿ ಬೈಗುಳವೂ ಜೋಗುಳದಂತೆ ಕೇಳಿಸಿತು. ಬೈದವರು ಆರಾಮಾಗಿ ಕೂತು ಕೇಳಿ ತಲೆದೂಗಿ ಹೋದರು. ಆಮೇಲೆ ಅದನ್ನು ಬಿಟ್ಟರು.

ಹೋದ ವಾರ ಬೆಟಗೇರಿಯ ನೇಕಾರ ಗುರುಸಿದ್ದಪ್ಪ ಬಂದಿದ್ದ. “ಏನ್ ನಿದ್ದಿ ಹೊಡ್ಯಾಕತ್ತೀರೇನು? ನನ್ನ ಕೆಲಸ ನಿಂತೈತಿ, ಇವತ್ತಂದ್ರ ಇವತ್ತ...” ಎಂದು ಓದುತ್ತಿದ್ದವನು ತಡೆದ. ಅಚ್ಚಿನ ಹಾಳೆ ಮಡಚಿದ ಸದ್ದಾಯಿತು. “ಇದನ್ನ ಬರಿಯುವಾಗ ನಿಮ್ಮ ಮಾರಿ ನೋಡಿದ್ದಿಲ್ರೀ ಯವ್ವಾ” ಎಂದ. ಈ ತಿಂಗಳು ಆಗುವುದಿಲ್ಲ ಎಂದೆ. “ಆತ್ ಬಿಡ್ರಿ” ಎಂದು ಎದ್ದು ಹೋದ.

ಈಗ ನನ್ನ ವಿಷಯ. ಕೈಬರಹ ಓದುವ ಭಾಗವನ್ನು ನೀವು ಅರ್ಧಕ್ಕೆ ಬಿಟ್ಟಿದ್ದೀರಿ. ಅದನ್ನು ಮುಂದುವರಿಸುವ ದಾರಿ ನಮಗ್ಯಾರಿಗೂ ಹೊಳೆದಿಲ್ಲ. ನಮ್ಮಲ್ಲಿ ಕೈಯಿಂದ ಬರೆಯುವುದೇ ನಿಂತುಹೋಗಿದೆ. ಕಣ್ಣಿದ್ದವರಿಗೂ ಅದು ಬರೀ ಗೀಚು. ನನ್ನ ಗಂಡ ಮಾತ್ರ ಹಟ ಹಿಡಿದು ಕಲಿತಿದ್ದ. ಕೊನೆಗಾಲದಲ್ಲಿ ದನಿ ಹೋದಾಗ, ನೆಲಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಏನೋ ಬರೆದು ತೀರಿಕೊಂಡ. ಏನೆಂದು ಹೇಳಬಲ್ಲವರು ಯಾರೂ ಇಲ್ಲ. ನಾನು ಸುಣ್ಣ ಬಳಿಸಿಲ್ಲ. ಆದರೂ ದಿನೇದಿನೇ ಮಾಸುತ್ತಿದೆಯಂತೆ.

ಆ ಭಾಗ ಮುಗಿಸಿಕೊಡಿ ಎಂದು ಬೇಡಲೆಂದೇ ಈ ಕಾಗದ ಶುರುಮಾಡಿದೆ. ನಮ್ಮ ಪದ್ಧತಿಯಂತೆ ನಿಮಗೊಂದು ಕುರ್ಚಿ ಹಾಕಿ, ಎದುರು ಕೂತು, ಬ್ರೈಲ್ ಚುಕ್ಕಿಗಳನ್ನು ತಡವುತ್ತ ಓದಿದೆ. “ದಯವಿಟ್ಟು ಬೇಗ” ಎಂಬಲ್ಲಿ ನಾನೂ ಓದು ನಿಲ್ಲಿಸಿದೆ. ಮಗಳ ಹಾಸಿಗೆಯ ಪಕ್ಕ ಕೂತು ನೀವು ಇದನ್ನೂ ಓದುತ್ತೀರಿ, ಇದಕ್ಕೂ ಕ್ಷಮೆ ಕೇಳುತ್ತೀರಿ ಎನಿಸಿತು. ಆ ಬೇಡಿಕೆಯನ್ನು ಅಳಿಸಿಹಾಕಿದೆ.

ಗೋಡೆಯ ವಿಷಯವನ್ನು ಅಳಿಸದೆ ಉಳಿಸಿದ್ದು ನಿಮ್ಮ ಮೇಲೆ ಹೊರೆ ಹೊರಿಸಲು ಅಲ್ಲ. ಕೇಳುವವರ ಕಷ್ಟ ನಿಜವಿದ್ದರೂ ನೀವು ಇಲ್ಲ ಎನ್ನಬಹುದು. ನನ್ನಿಂದಲೇ ಶುರುಮಾಡಿ. ಆಮೇಲೆ ಆ ಪುಣ್ಯಾತ್ಮನಿಗೂ ಆಗುವುದಿಲ್ಲ ಎಂದು ಬರೆಯಿರಿ, ಕ್ಷಮೆ ಕೇಳದೆ. ಬೇಕಾದಷ್ಟು ದಿನ ಕದ ಹಾಕಿಕೊಳ್ಳಿ. ಹಾಕಿದ ಕದ ತೆಗೆಯಬಹುದು. ನೀವೇ ಹೊರಟುಹೋದರೆ ನಾವು ಯಾರನ್ನು ಕರೆಯೋಣ?

ಗೋಡೆ ಬೆರಳಿಗೆ ಸಿಗುತ್ತದೆ, ನನಗಷ್ಟು ಸಾಕು. ಮಗಳ ಹಣೆ ಮುಟ್ಟಿ ನೋಡಿ, ಜ್ವರ ಇಳಿದಿರಬಹುದು. ಈ ಕಾಗದಕ್ಕೆ ಉತ್ತರ ಬರೆಯಬೇಡಿ.

ಚೆನ್ನವ್ವ