ನಾಲ್ಕು ಸಾವಿರ ಪದ, ಒಂದು ಲೋಟ ನೀರು

ವೃದ್ಧಾಶ್ರಮದ ಮೇಲ್ವಿಚಾರಕರಿಗೆ,

ಈ ದೇಶದ ಭಾಷೆ ಕಲಿಯಲೆಂದು ನೀವು ಕೊಟ್ಟ ಪದದ ಕಾರ್ಡುಗಳ ಆ್ಯಪ್‌ನಲ್ಲಿ ನನ್ನ ಅಂಕ ಸೊನ್ನೆ ಏಕೆಂದು ನೋಟಿಸು ಕಳಿಸಿದ್ದೀರಿ. ಉತ್ತರವನ್ನು ನನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಭಾಷೆಯಲ್ಲಿ ನನಗೆ ಬರುವುದು ನಲವತ್ತು ಮಾತು. ಅವನ್ನೂ ಏಳನೇ ಕೋಣೆಯ ದರ್ಜಿ ತಾತನಿಗೆ ಸ್ನಾನ ಮಾಡಿಸುವಾಗ ಬೈಸಿಕೊಂಡು ಕಲಿತೆ.

ಅದೇ ಆ್ಯಪ್‌ನ ಅಂಕಕ್ಕೆ ನೀವು ಮೊದಲ ಬಹುಮಾನ ಕೊಟ್ಟಿರಲ್ಲ, ನನ್ನ ಜೊತೆ ಕೆಲಸದ ಹುಡುಗ, ನಮ್ಮ ಭಾಷೆಯವನೇ, ಅವನನ್ನು ನಾವು ‘ನಾಲ್ಕು ಸಾವಿರ’ ಎನ್ನುತ್ತೇವೆ. ಅಷ್ಟು ಪದ ಬರುತ್ತವಂತೆ. ಬರುತ್ತವೆ, ಸುಳ್ಳಲ್ಲ. ಔಷಧದ ಚೀಟಿಯನ್ನು ಗಿಳಿಯ ಹಾಗೆ ಓದುತ್ತಾನೆ. ಹೋದ ತಿಂಗಳು ಒಂದು ಸೋಮವಾರ ತಾತ ಅವನ ಹತ್ತಿರ ನೀರು ಕೇಳಿದರು. ಇವನು ‘ನೀರು’ ಎಂದು ಸ್ಪಷ್ಟವಾಗಿ ತಿರುಗಿ ಹೇಳಿ ನಕ್ಕ. ಕಾರ್ಡು ಕಲಿಸಿದ್ದೇ ಅಷ್ಟು. ತಾತ ಇನ್ನೆರಡು ಸಲ ಕೇಳಿದರು, ಇವನು ಇನ್ನೆರಡು ಸಲ ಹೇಳಿದ. ಕೊನೆಗೆ ತಾತ ತಾವೇ ಎದ್ದು, ಬಿದ್ದು, ಸೊಂಟ ಮುರಿದುಕೊಂಡರು. ವಿಚಾರಿಸಿದರೆ, “ಮೂರು ಸಲಾನೂ ಉಚ್ಚಾರ ಸರಿಯಾಗೇ ಇತ್ತಲ್ಲ ಅಕ್ಕಾ” ಅಂದ. ಪುಸ್ತಕದ ಬದನೆಕಾಯಿ ಹೋಗಿ ಫೋನಿನ ಬದನೆಕಾಯಿ ಬಂದಿದೆ, ಅಷ್ಟೇ.

ಬರುವ ಗುರುವಾರ ತಾತ ಆಸ್ಪತ್ರೆಯಿಂದ ಬರುತ್ತಾರೆ. ಅವರ ಕೋಣೆಯನ್ನು ನನಗೇ ಬಿಡಿ. ನೀರಿನ ಜಗ್ಗನ್ನು ಕೈಗೆಟಕುವಂತೆ ಮಂಚದ ಎಡಕ್ಕೆ ಇಡಿಸಿ. ನಾಲ್ಕು ಸಾವಿರನನ್ನು ಒಂದು ತಿಂಗಳು ಫೋನಿಲ್ಲದೆ ನನ್ನ ಜೊತೆ ಸ್ನಾನದ ಪಾಳಿಗೆ ಹಾಕಿ. ಬೈಸಿಕೊಂಡರೆ ಭಾಷೆ ತಲೆಗೆ ಹತ್ತುತ್ತದೆ.

ಈ ಪತ್ರವನ್ನು ಅವನಿಂದಲೇ ನಿಮ್ಮ ಭಾಷೆಗೆ ಅನುವಾದ ಮಾಡಿಸಿಕೊಂಡು ಓದಿ. ಓದುತ್ತಾ ಗಂಟಲು ಒಣಗಿದರೆ, ಅವನ ಹತ್ತಿರವೇ ನೀರು ಕೇಳಿ ನೋಡಿ.

ಇತಿ,
ಸೊನ್ನೆ ಅಂಕದ, ಸ್ನಾನದ ಪಾಳಿಯವಳು