ಇಪ್ಪತ್ತು ಕೊಡ ನೀರು

೩ ಮಾರ್ಚ್, ಬೆಳಗ್ಗೆ ೬:೧೦

ಮತ್ತೆ ನೀರಿನ ಮಟ್ಟ ಅಳೆಯುವ ಟೇಪು, ಸ್ಟಾಪ್‌ವಾಚು, ಫ್ಲಾಸ್ಕು. ನಮ್ಮ ಅಂತರ್ಜಲ ಇಲಾಖೆಯಿಂದ ಇಂದು ಐಸ್ ಫ್ಯಾಕ್ಟರಿಯವರ ಹೊಸ ಬೋರಿನ ಟೆಸ್ಟು. ಎಂಟು ಗಂಟೆ ಪಂಪು ಓಡಿಸಬೇಕು. ಎಂಬತ್ತು ಮೀಟರ್ ಆಚೆ, ಬಟ್ಟೆ ಒಗೆಯುವ ಅಜ್ಜಿಯ ಬಾವಿಯಲ್ಲಿ ನೀರು ಎಷ್ಟು ಇಳಿಯುತ್ತದೆಂದು ಅರ್ಧ ಗಂಟೆಗೊಮ್ಮೆ ನೋಡಬೇಕು. ಇಳಿದರೆ ನಡುವಿನ ಬಂಡೆಯಲ್ಲಿ ನೀರು ಸಲೀಸಾಗಿ ಹರಿಯುತ್ತದೆ ಎಂದರ್ಥ, ಬೋರಿಗೆ ಅನುಮತಿಯಿಲ್ಲ. ಇಳಿಯದಿದ್ದರೆ ಫ್ಯಾಕ್ಟರಿಯ ದಾರಿ ಸುಗಮ.

ಟೇಪು ಇಳಿಬಿಟ್ಟೆ. ನೀರು ಮುಟ್ಟಿ ಕೀ ಎಂದಿತು. ಕಟ್ಟೆಯಿಂದ ೭.೪೨ ಮೀಟರ್ ಕೆಳಗೆ.

"ಏನಮ್ಮಾ, ನನ್ ಬಾವಿಗೆ ಜ್ವರ ಇದ್ಯಾ ಅಂತ ನೋಡ್ತಿದೀಯಾ?" ಎಂದಳು ಅಜ್ಜಿ.

"ಹಾಗೇ ಅಂದ್ಕೊಳ್ಳಿ ಅಜ್ಜಿ." ನಗು ಬಂತು.

ಬೆಳಗ್ಗೆ ೧೦:೩೦

೭.೪೬. ನಾಲ್ಕು ಸೆಂಟಿಮೀಟರ್ ಇಳಿದಿದೆ. ಮುಂದಿನ ರೀಡಿಂಗ್‌ವರೆಗೆ ಪಂಪ್ ಶೆಡ್ಡಿನ ನೆರಳಲ್ಲಿ ಕಣ್ಣು ಮುಚ್ಚಿ ಕೂತೆ. ಕಾಲ ಕೆಳಗೆ ಕೂದಲೆಳೆಯಂಥ ಬಿರುಕುಗಳು. ಅದರೊಳಗೆ ನೀರು, ಗೋಡೆ ಸವರಿಕೊಂಡು, ಯಾರಿಗೂ ಕೇಳದ ಹಾಗೆ... ನಾನೂ ಅದರ ಹಿಂದೆ ಹೋಗುತ್ತಿದ್ದೆ. ಪಂಪಿನವನು ಭುಜ ತಟ್ಟಿ ಎಬ್ಬಿಸಿದ. "ಮೇಡಂ, ಟೈಮಾಯ್ತು."

ಮಧ್ಯಾಹ್ನ ೧೨:೩೦

೭.೪೩. ಏರಿದೆ! ವಿಚಿತ್ರ. ಹೊಳೆದದ್ದು ಇಷ್ಟು: ಬಾವಿಗೆ ಬೇರೆಲ್ಲಿಂದಲೋ ಒರತೆಯಿದೆ, ನಡುವಿನ ಬಂಡೆ ಬಿಗಿ. ಬಂಡೆಗೂ ಗುಟ್ಟು ಕಾಯುವ ಸ್ವಭಾವ. ಹೀಗೆ ಬರೆದು ಖುಷಿಯಾಯಿತು. ಖುಷಿಯಾಗಬಾರದಿತ್ತೇನೋ.

೪ ಮಾರ್ಚ್

ಬೋರಿನಿಂದ ಬಾವಿಗೆ ತೊಂದರೆಯಿಲ್ಲ ಎಂದು ವರದಿ ಕಳಿಸಿದೆ. ಸಾಹೇಬರು ಶಹಬ್ಬಾಸ್ ಎಂದರು. ಅಪರೂಪ.

೯ ಮಾರ್ಚ್, ಸಂಜೆ

ಮರೆತುಬಂದ ಫ್ಲಾಸ್ಕು ತರಲು ಅಜ್ಜಿಯ ಅಂಗಳಕ್ಕೆ ಹೋದೆ. ಒಗೆಯುವ ಕಲ್ಲಿನ ಮೇಲೆ ತೊಳೆದು ಬೋರಲು ಹಾಕಿಟ್ಟಿದ್ದಳು. ಟೀ ಕೊಟ್ಟಳು. ಆಮೇಲೆ ಗುಟ್ಟಿನ ದನಿಯಲ್ಲಿ:

"ಪಾಸಾಯ್ತಾ ನಮ್ಮ ಬಾವಿ?"

"ಪಾಸಾ?"

"ನೀರು ಇಳಿದಂಗೆಲ್ಲ ನಿನ್ ಮುಖ ಸಪ್ಪಗಾಗ್ತಿತ್ತು. ಫೇಲ್ ಆದ್ರೆ ಮುಚ್ಚಿಸಿಬಿಡ್ತಾರೇನೋ ಅಂತ ಹೆದರಿಕೆ ಆಯ್ತು. ನೀನು ಆ ಕಡೆ ಹೋದಾಗೆಲ್ಲ ಬೀದಿ ನಲ್ಲಿಯಿಂದ ತಂದು ಸುರಿದೆ. ಇಪ್ಪತ್ತು ಕೊಡ! ಸೊಂಟ ಇನ್ನೂ ಹಿಡ್ಕೊಂಡಿದೆ."

ಟೀ ಲೋಟ ಕೆಳಗಿಟ್ಟೆ. ಇಳಿದಿದ್ದರೇ ಬಾವಿ ಉಳಿಯುತ್ತಿತ್ತು ಎಂದು ಹೇಗೆ ಹೇಳಲಿ? ಕೊನೆಗೆ ಹೇಳಿದೆ. ಅವಳು ಬಹಳ ಹೊತ್ತು ತನ್ನ ಕೈಗಳನ್ನೇ ನೋಡಿಕೊಂಡಳು. "ನಲವತ್ತು ವರ್ಷ ಅನ್ನ ಹಾಕಿದ ಬಾವಿ. ನಾನೇ ಮುಳುಗಿಸಿದ್ನಾ?"

ತಪ್ಪು ಅವಳದಲ್ಲ. ಕಣ್ಣು ಮುಚ್ಚಿ ಕೂತವಳು ನಾನು. ನನ್ನ ಮೇಲೆ ನನಗೇ ಸಿಟ್ಟು. ನಾಚಿಕೆ.

೧೦ ಮಾರ್ಚ್

ವರದಿ ತಪ್ಪು ಎಂದು ಬರೆದುಕೊಟ್ಟೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಸಲ. ಸಾಹೇಬರು ಕನ್ನಡಕ ತೆಗೆದು ನೋಡಿದರು. "ಕನಸು ಕಾಣೋದು ಬಿಟ್ಟು ರೀಡಿಂಗ್ ಬರೀರಿ. ಇನ್ನೊಂದೇ ದಿನ ಕೊಡ್ತೀನಿ. ಮತ್ತೆ ಬಂದು ಕೇಳ್ಬೇಡಿ."

೨೧ ಮಾರ್ಚ್, ಬೆಳಗ್ಗೆ ೬:೦೦

೭.೪೪. ಪಂಪು ಶುರು. ಇಂದು ನಾನು ಬಾವಿ ಬಿಟ್ಟು ಏಳುವುದಿಲ್ಲ. ಅಜ್ಜಿ ಕೊಡಗಳನ್ನೆಲ್ಲ ಒಳಗಿಟ್ಟು ಬೀಗ ಹಾಕಿ, ಕೀಲಿ ನನ್ನ ಕೈಗೆ ಕೊಟ್ಟಳು. "ನನ್ ಮೇಲೆ ನನಗೇ ನಂಬಿಕೆ ಇಲ್ಲ ಕಣಮ್ಮ."

ಬೆಳಗ್ಗೆ ೧೧:೩೦

೭.೫೩. ಇಳಿಯುತ್ತಿದೆ. ನನಗೆ ಕುಣಿಯುವಷ್ಟು ಸಂತೋಷ. ಅಜ್ಜಿ ಕಟ್ಟೆಗೆ ಒರಗಿ ಒಳಗೆ ಇಣುಕುತ್ತಾಳೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. "ಇಳೀಲಿ ಬಿಡು, ಇಳೀಲಿ."

ಮಧ್ಯಾಹ್ನ ೨:೦೦

೭.೭೧. ಇಪ್ಪತ್ತೇಳು ಸೆಂಟಿಮೀಟರ್. ಪಂಪಿನವನಿಗೆ ನಿಲ್ಲಿಸಲು ಹೇಳಿ, ಸಾಹೇಬರಿಗೆ ಫೋನು ಮಾಡಿದೆ. ಅಂಕಿ ಇನ್ನೊಮ್ಮೆ ಹೇಳಿಸಿಕೊಂಡರು. "ಹಾಗಾದ್ರೆ ಅಲ್ಲಿ ಬೋರ್ ಬೇಡ ಅಂತ ಬರೀರಿ." ಅಜ್ಜಿಗೆ ಹೇಳಿದೆ. ನನ್ನ ಕೈ ಹಿಡಿದುಕೊಂಡಳು. ನೀರಲ್ಲಿ ನೆನೆದು ನೆನೆದು ಮೆತ್ತಗಾದ ಬೆರಳು.

ಸಂಜೆ ೪:೩೦

ಇನ್ನು ಏರುವ ರೀಡಿಂಗು. ೭.೬೨. ೭.೫೭. ಅಜ್ಜಿ ಕೀಲಿ ಕೇಳಲೇ ಇಲ್ಲ. ಬಾವಿಯೊಳಗೆ ಕಿವಿಯಿಟ್ಟು ನಿಂತಿದ್ದಾಳೆ.

"ಮತ್ತೆ ತುಂಬ್ತಿದೆ ಅಲ್ವಾ? ಕೆಳಗೆ ಯಾರು ಸುರೀತಿದಾರೆ ಈಗ?"

"ಯಾರೂ ಇಲ್ಲ ಅಜ್ಜಿ, ಬಂಡೆ..." ಎಂದವಳು ನಾನೂ ಬಗ್ಗಿ ಕಿವಿಯಿಟ್ಟೆ. ೭.೫೪. ಎಲ್ಲೋ ಬಹಳ ಆಳದಲ್ಲಿ, ಸಣ್ಣಗೆ, ನೀರು ಬರುವ ಸದ್ದು —