ಎರಡು ಮೀಟರ್ ಮೂವತ್ಮೂರು ಸೆಂಟಿಮೀಟರ್

ಯುರೋಪಿನ ಸಮಾನ ಭೂನಕ್ಷೆ ಸಮಿತಿಯ ಅಧ್ಯಕ್ಷರೇ,

ನಿಮ್ಮ ನಕ್ಷೆಯಲ್ಲಿ ನಮ್ಮ ನದಿಯ ಎರಡೂ ದಡಕ್ಕೆ ಒಂದೇ ನೀಲಿ ಬಣ್ಣವಿದೆ. ಸೊನ್ನೆ ಮಾತ್ರ ಎರಡಿದೆ. ಆ ಎರಡು ಸೊನ್ನೆಗಳ ನಡುವೆ ನನಗೆ ಬೇಕಾದ ಒಬ್ಬ ಹೆಂಗಸು ಮುಳುಗಿ ಸತ್ತಳು. ದೂರು ಇಷ್ಟೇ.

ನಾವು ಡಚ್ಚರು ಆಮ್‌ಸ್ಟರ್‌ಡ್ಯಾಮಿನ ಸಮುದ್ರಮಟ್ಟವನ್ನು ಸೊನ್ನೆ ಎಂದಿಟ್ಟುಕೊಂಡು ಅಲ್ಲಿಂದ ಎತ್ತರ ಅಳೆಯುತ್ತೇವೆ. ಎದುರು ದಡದ ಬೆಲ್ಜಿಯನ್ನರು ತಮ್ಮ ಕರಾವಳಿಯಲ್ಲಿ ಇಳಿತದ ನೀರು ನಿಲ್ಲುವ ಮಟ್ಟದಿಂದ. ಹಾಗಾಗಿ ಅದೇ ನೀರು ಅವರ ಲೆಕ್ಕದಲ್ಲಿ ಎರಡು ಮೀಟರ್ ಮೂವತ್ಮೂರು ಸೆಂಟಿಮೀಟರ್ ಹೆಚ್ಚು. ನಿಮ್ಮ ಸಮಿತಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹನ್ನೊಂದು ವರ್ಷಗಳಿಂದ ಪ್ರತಿ ವಾರ್ಷಿಕ ಸಭೆಯಲ್ಲೂ ಅದು ಕೊನೆಯ ವಿಷಯ. ಅಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.

ಪ್ರವಾಹ ಬಂದಾಗ ನದಿಯ ಏರಿ ಕಾಯುವ ಸ್ವಯಂಸೇವಕರಲ್ಲಿ ನಾನೂ ಒಬ್ಬಳು. ಜನವರಿಯ ಆ ಮಧ್ಯಾಹ್ನ ಏರಿಯ ಮೇಲೆ ನಿಂತು, ಫೋನಿನಲ್ಲಿ ನಿಮ್ಮ ನಕ್ಷೆ ತೆರೆದು ಸಂಜೆ ನೀರು ಏರುವ ಮಟ್ಟ ನೋಡಿ, ಎದುರು ದಡದ ಗೋಡೆಲೀವ್ ಚಿಕ್ಕಮ್ಮನಿಗೆ ಕರೆ ಮಾಡಿದೆ. ರಕ್ತಸಂಬಂಧವಿಲ್ಲ, ಅಮ್ಮ ಹೋದ ಮೇಲೆ ನನ್ನನ್ನು ಬೈಯಲು ಉಳಿದಿದ್ದವಳು ಅವಳೊಬ್ಬಳೇ.

"ನೀರು ಎಲ್ಲಿವರೆಗೆ ಬರುತ್ತಂತೆ, ಹೇಳೇ ಡಚ್ಚಿ? ಜಿಪುಣರು ನೀವು, ಪ್ರವಾಹಾನೂ ಅಳೆದೇ ಕೊಡ್ತೀರಿ."

"ಇಪ್ಪತ್ನಾಲ್ಕು ಮೀಟರ್ ಹತ್ತು ಸೆಂಟಿಮೀಟರ್, ಚಿಕ್ಕಮ್ಮ."

"ನನ್ನ ಹೊಸ್ತಿಲು ಇಪ್ಪತ್ತೈದೂವರೆ ಮೀಟರ್. ಮನೆ ನಕ್ಷೇಲೇ ಬರ್ದಿದೆ. ಮತ್ಯಾಕೆ ಈ ಮಂಡಿನೋವಲ್ಲಿ ಮಹಡಿ ಹತ್ಲಿ?"

"ಹತ್ತಬೇಡ ಬಿಡು," ಎಂದೆ.

ನಾನು ಹೇಳಿದ್ದು ನಮ್ಮ ಸೊನ್ನೆಯ ಲೆಕ್ಕ, ಅವಳ ಹೊಸ್ತಿಲು ಅವರ ಸೊನ್ನೆಯ ಲೆಕ್ಕ. ನಾನು ಹೇಳಿದ ನೀರು ಅವರ ಲೆಕ್ಕದಲ್ಲಿ ಇಪ್ಪತ್ತಾರು ಮೀಟರ್ ನಲವತ್ಮೂರು ಸೆಂಟಿಮೀಟರ್. ಸಂಜೆಯ ಹೊತ್ತಿಗೆ ನೀರು ಆ ಹೊಸ್ತಿಲಿನಿಂದ ತೊಂಬತ್ಮೂರು ಸೆಂಟಿಮೀಟರ್ ಮೇಲಿತ್ತು. ಅವಳು ಅಡುಗೆಮನೆಯಲ್ಲಿ ಸಿಕ್ಕಳು.

"ಎರಡೂ ಸಂಖ್ಯೆಗಳು ಆಯಾ ದೇಶದ ಮಟ್ಟಿಗೆ ಸರಿಯಾಗಿವೆ" ಎಂದು ನಿಮ್ಮ ಕಚೇರಿ ಉತ್ತರಿಸಿತು. ಎಷ್ಟು ನೆಮ್ಮದಿಯ ವಾಕ್ಯ! ಅದನ್ನು ಹೊದ್ದು ಮಲಗಲು ನನಗೂ ಆಸೆಯಿದೆ. ಆದರೆ ಈ ವ್ಯತ್ಯಾಸವನ್ನು ತರಬೇತಿಯಲ್ಲಿ ನನಗೂ ಒಮ್ಮೆ ಹೇಳಿದ್ದರು. ನಾನು ಮರೆತೆನೇ, ಅಥವಾ ಅವಳಿಗೆ ಧೈರ್ಯ ಹೇಳುವ ಆತುರದಲ್ಲಿ ನೆನಪಿಸಿಕೊಳ್ಳಲೇ ಇಲ್ಲವೇ? ಈಗ ಯಾರ ಮನೆಗೆ ಹೋದರೂ ಗೋಡೆಯ ಮೇಲೆ ನೆಲದಿಂದ ಎರಡು ಮೀಟರ್ ಮೂವತ್ಮೂರು ಸೆಂಟಿಮೀಟರ್ ಎತ್ತರವನ್ನು ಹುಡುಕಿ ಕೈ ಚಾಚುತ್ತೇನೆ. ಎಟಕುವುದಿಲ್ಲ. ಅದರ ಕೆಳಗಿನ ಕುರ್ಚಿ, ಒಲೆ, ಚಹಾ ಹಿಡಿದು ನನ್ನೊಡನೆ ಮಾತಾಡುತ್ತಿರುವ ಜನ, ಎಲ್ಲರೂ ನೀರೊಳಗಿದ್ದಂತೆ ಕಾಣುತ್ತಾರೆ.

ಕಳೆದ ತಿಂಗಳು ಅವಳ ಮನೆಗೆ ಹೊಸ ಬಾಡಿಗೆದಾರರು ಬಂದರು. "ನದಿ ಏರಿದ್ರೆ ನಮಗೂ ಒಂದು ಫೋನ್ ಮಾಡ್ತೀರಾ?" ಎಂದು ಸೇತುವೆಯ ಮೇಲೆ ಕೇಳಿದರು. ಏನು ಹೇಳಲಿ ಅವರಿಗೆ?

ನವೆಂಬರಿನ ಮಳೆಗೆ ಮುಂಚೆ ನಿಮ್ಮ ನಕ್ಷೆಯ ಪ್ರತಿ ಎತ್ತರದ ಪಕ್ಕದಲ್ಲೂ ಅದು ಯಾರ ಸೊನ್ನೆಯಿಂದ ಅಳೆದದ್ದು, ಎದುರು ದಡದವರ ಲೆಕ್ಕದಲ್ಲಿ ಎಷ್ಟು ಎಂದು ಬರೆಯಿರಿ. ಆಗದಿದ್ದರೆ ಸಂಖ್ಯೆಗಳನ್ನೇ ಅಳಿಸಿಬಿಡಿ. ಖಾಲಿ ನಕ್ಷೆ ಕಂಡರೆ ಜನ ಹೆದರುತ್ತಾರೆ. ಹೆದರಿದವರು ಮಹಡಿ ಹತ್ತುತ್ತಾರೆ.

ಇಂತಿ,
ಕಾವಲು ಕೆಲಸ ಬಿಡುವ ಧೈರ್ಯವೂ ಇಲ್ಲದ
ವೆಂಡೆಲೀನ್ ಸ್ಕೌಟೆನ್